ಮುಟ್ಟುಗೋಲಾದ ಠೇವಣಿ

ಎಮಿಲ್ ಕ್ರೋನರ್ ಶಿಕಾಗೋದಿಂದ ಮನೆಗೆ ಬರುವ ಹೊತ್ತಿಗೆ ಎಲ್ಲರೂ ಭಾನುವಾರದ ಊಟಕ್ಕೆ ಕೂತಾಗಿತ್ತು. ಲೀಗಿನ ಸಭೆಗೆ ಹೋಗಿ ಬಂದಾಗಲೆಲ್ಲ ಹಿತ್ತಿಲ ಬಾಗಿಲಿನಿಂದಲೇ ಕೂಗು ಹಾಕುತ್ತ ಬರುವ ಮನುಷ್ಯ ಅವನು. ಈ ಸಲ ಬೂಟಿನ ಹಿಮ ಕೊಡವಿದ ಸದ್ದು ಮಾತ್ರ ಕೇಳಿಸಿತು. ಹೆಂಡತಿ ಒಟಿಲಿ ಅವನ ತಟ್ಟೆಗೆ ಎರಡು ಸಾಸೇಜು, ಆಲೂಗಡ್ಡೆ ಕಡುಬು, ಬೇಯಿಸಿದ ಕೆಂಪು ಕೋಸು ಬಡಿಸಿದಳು. ಅವನು ಫೋರ್ಕನ್ನು ಮುಟ್ಟಲಿಲ್ಲ.

"ಏನಾಯ್ತು?" ಅಂದಳು.

"ಪಾಸಾಯ್ತು. ಹನ್ನೆರಡು ಜನ ಆ ಕಡೆ, ನಾಲ್ಕು ಜನ ಈ ಕಡೆ. ಪ್ರತಿ ಟೀಮೂ ಈಸ್ಟರ್ ಒಳಗೆ ಹದಿನೈದು ಸಾವಿರ ಡಾಲರ್ ಠೇವಣಿ ಇಡ್ಬೇಕು. ಇಡಕ್ಕಾಗದವರು ಮನೆಗೆ."

"ಮನೆಗೆ ಬಂದ್ರೆ ಒಳ್ಳೇದೇ ಆಯ್ತಲ್ಲ," ಎಂದಳು ಎಮಿಲನ ತಾಯಿ. ಆ ಮನೆಯಲ್ಲಿ ಎಲ್ಲರಿಗೂ ಅವಳು ಓಮಾ, ಅಂದರೆ ಅಜ್ಜಿ. ಹಲ್ಲು ಹೋಗಿದ್ದರೂ ನಾಲಿಗೆ ಮೊಂಡಾಗಿರಲಿಲ್ಲ. "ಯುದ್ಧಕ್ಕಿಂತ ಮುಂಚಿಂದ ನೀನು ಮನೇಲಿದ್ದಿದ್ದು ನಾನಂತೂ ಕಂಡಿಲ್ಲ."

ಎಮಿಲನ ಕಸುಬು ಸಾಸೇಜು. ಅಂಗಡಿ ಅವನಪ್ಪನ ಕಾಲದ್ದು. ಆದರೆ ಸರೋವರದ ದಡದ ಆ ವಿಸ್ಕಾನ್ಸಿನ್ ಊರಲ್ಲಿ ಅವನನ್ನು ಸಾಸೇಜು ಮಾರುವವನೆಂದು ಯಾರೂ ಗುರುತಿಸುತ್ತಿರಲಿಲ್ಲ. ಅವನು ಹಾರ್ಬರ್ ಗಲ್ಸ್ ಬ್ಯಾಸ್ಕೆಟ್‌ಬಾಲ್ ತಂಡದ ಯಜಮಾನ. ಕುರ್ಚಿ ಕಾರ್ಖಾನೆಯ ಹುಡುಗರು ಸಂಜೆ ಆಡುತ್ತಿದ್ದ ತಂಡವನ್ನು ಸಂಬಳದ ಆಟಗಾರರ ತಂಡ ಮಾಡಿ, ನ್ಯೂಯಾರ್ಕಿನವರನ್ನೂ ಬಾಸ್ಟನ್ನಿನವರನ್ನೂ ಈ ಊರಿನ ಆರ್ಮರಿ ಹಾಲಿಗೆ, ಅಂದರೆ ಹಳೆಯ ಸೇನಾ ಶಸ್ತ್ರಾಗಾರಕ್ಕೆ, ಕರೆಸಿ ಆಡಿಸಿದವನು. ಅಂಗಡಿಯ ಲಾಭವೆಲ್ಲ ಆಟಗಾರರ ಸಂಬಳಕ್ಕೂ ರೈಲಿನ ಚಾರ್ಜಿಗೂ ಹೋಯಿತು. ಊರಿನವರು ಅವನ ಬೆನ್ನು ತಟ್ಟಿದರು. ಬೆನ್ನು ತಟ್ಟಿಸಿಕೊಂಡು ಹೊಟ್ಟೆ ತುಂಬಿಸಿಕೊಳ್ಳುವವರಿದ್ದರೆ ಅವರಲ್ಲಿ ಎಮಿಲ್ ಮೊದಲನೆಯವನು.

ಮಗ ಲೊರೆನ್ಸ್ ಬ್ರೆಡ್ಡಿಗೆ ಬೆಣ್ಣೆ ಸವರುತ್ತ ಕೇಳಿದ, "ಮುಕ್ಕಾಲು ಪಾಲು ಓಟು ಬಿದ್ರೆ ಸಾಕು ಅನ್ನೋ ನಿಯಮ ತಂದಿದ್ದು ಯಾರಪ್ಪಾ?"

"ಊಟ ಮಾಡು."

"ಅದಕ್ಕೂ ಮುಂಚೆ ಎಲ್ಲರೂ ಒಪ್ಪಬೇಕಿತ್ತು. ಒಬ್ಬ ಬೇಡ ಅಂದ್ರೆ ಮುಗೀತು. ಹ್ಯಾನಿಗನ್‌ನ ಓಡಿಸಬೇಕು ಅಂತ ನೀನೇ ನಿಂತು ಆ ನಿಯಮ ಮಾಡಿಸ್ದೆ. ಅವನು ಇವತ್ತು ಇದ್ದಿದ್ರೆ ನಮ್ಮ ಕಡೆ ಐದು ಕೈ. ಹದಿನೇಳರಲ್ಲಿ ಹನ್ನೆರಡು ಅಂದ್ರೆ ಮುಕ್ಕಾಲು ಆಗ್ತಿರಲಿಲ್ಲ."

"ಲೆಕ್ಕ ನಂಗೂ ಬರುತ್ತೆ ಕಣೋ!" ಎಮಿಲ್ ಮೇಜು ಗುದ್ದಿದ. ಸಾಸಿವೆಯ ಬಟ್ಟಲು ಉರುಳಿತು. ಒಟಿಲಿ ಎದ್ದು ಬಟ್ಟೆ ತಂದು ಒರೆಸಿದಳು.

ಹ್ಯಾನಿಗನ್ ಅಯೋವಾದ ಒಂದು ಪುಟ್ಟ ಊರಿನ ದನದ ಮೇವಿನ ವ್ಯಾಪಾರಿ, ಅಲ್ಲಿನ ತಂಡದ ಯಜಮಾನ. ಎರಡು ವರ್ಷದ ಹಿಂದೆ ಇದೇ ಮೇಜಿನಲ್ಲಿ ಕೂತು ಮೂರು ಸಲ ಕೆಂಪು ಕೋಸು ಹಾಕಿಸಿಕೊಂಡಿದ್ದ. ಆ ಲೀಗಿನಲ್ಲಿ ಆಟ ಯಾವ ಊರಲ್ಲಿ ನಡೆಯುತ್ತದೋ ಆ ಊರಿನ ತಂಡವೇ ಟಿಕೆಟ್ಟಿನ ಹಣವನ್ನೆಲ್ಲ ಇಟ್ಟುಕೊಳ್ಳುವ ಪದ್ಧತಿ. ಹೋಗಿ ಆಡುವವರಿಗೆ ಬಿಡಿಗಾಸೂ ಇಲ್ಲ. "ಅವನ ಊರಿಗೆ ಹೋಗೋಕೆ ನಾನು ಯಾಕೆ ರೈಲು ಚಾರ್ಜು ಕೊಡ್ಲಿ? ನೋಡೋಕೆ ಬರೋರು ನಾನ್ನೂರು ಜನ ರೈತರು!" ಎಂದು ಎಮಿಲ್ ಊಟದ ಮಾರನೇ ದಿನವೇ ಸಭೆಯಲ್ಲಿ ಅವನನ್ನು ತೆಗೆಯಲು ಕೈ ಎತ್ತಿದ. ಈಗ ನ್ಯೂಯಾರ್ಕಿನವರು ಅದೇ ಮಾತನ್ನು ಎಮಿಲನ ಊರಿನ ಬಗ್ಗೆ ಆಡುತ್ತಿದ್ದರು, ಅಷ್ಟೇ ವ್ಯತ್ಯಾಸ.

ಒಟಿಲಿ ತಟ್ಟೆ ತೊಳೆಯುವಾಗ ಎಮಿಲ್ ಹಿಂದೆ ಬಂದು ನಿಂತ. ಅವನು ಏನು ಕೇಳುತ್ತಾನೆಂದು ಒಟಿಲಿಗೆ ಅವನು ಬಾಯಿ ತೆರೆಯುವ ಮುಂಚೆಯೇ ತಿಳಿಯಿತು. ಮನೆ ಅವಳ ಹೆಸರಿನಲ್ಲಿತ್ತು. ಕುರ್ಚಿ ಕಾರ್ಖಾನೆಯಲ್ಲಿ ಮೇಸ್ತ್ರಿಯಾಗಿದ್ದ ಅವಳ ಅಪ್ಪ, ಅಳಿಯನ ಕೈಗುಣ ಕಂಡವನು, ಮನೆಯನ್ನು ಮಗಳ ಹೆಸರಿಗೇ ಬರೆದು ಕಣ್ಣು ಮುಚ್ಚಿದ್ದ.

"ಅಂಗಡಿ ಮೇಲೆ ಆಗಲೇ ಸಾಲ ಇದೆ ಟಿಲಿ. ಮನೆ ಅಡ ಇಟ್ರೆ ಬ್ಯಾಂಕಿನವನು ಕೊಡ್ತಾನೆ. ನಿನ್ನ ಸಹಿ ಒಂದು ಬೇಕು."

"ಒಂದು ಸಹಿ ಅಂತೆ! ಉಪ್ಪು ಸಾಲ ಕೇಳ್ದಂಗೆ ಕೇಳ್ತೀಯಲ್ಲ."

"ಒಂದು ಸೀಸನ್. ವಾಪಸ್ ಬರೋ ದುಡ್ಡು ಅದು. ಠೇವಣಿ ಅಂದ್ರೆ ಖರ್ಚಲ್ಲ."

"ಆಲೋಚನೆ ಮಾಡ್ತೀನಿ," ಅಂದಳು. ಮದುವೆಯಾದಂದಿನಿಂದ ಎಮಿಲನಿಗೆ ಆ ಮಾತು 'ಆಯಿತು' ಅಂತಲೇ ಕೇಳಿಸುತ್ತಿತ್ತು.

ಹಾಗೆ ಕೇಳಿಸಿದ್ದಕ್ಕೆ ಸಾಕ್ಷಿ ಆ ವಾರದಲ್ಲೇ ಸಿಕ್ಕಿತು. ಅವಳು ಅಡಿಗೆಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತಿದ್ದಾಗ ಹಜಾರದ ಫೋನು ಬಡಿಯಿತು. ಇಂಡಿಯಾನಾದಿಂದ ಸ್ಟಾನ್ ವೋಯ್ಚಿಕ್. ಎಲ್ಕ್ ಪ್ರೇರಿ ಅನ್ನುವ ಊರಿನ ಬೇಕರಿಯವನು. ಠೇವಣಿ ಬೇಡ ಅಂದಿದ್ದ ಸಣ್ಣ ಊರಿನ ನಾಲ್ವರು ಯಜಮಾನರಲ್ಲಿ ಒಬ್ಬ. ಕ್ರಿಸ್‌ಮಸ್ಸಿಗೆ ಅವನ ಹೆಂಡತಿ ಗಸಗಸೆಯ ಕೇಕು ಕಳಿಸುವ ರೂಢಿ. ಎಮಿಲ್ ದೊಡ್ಡ ದನಿಯಲ್ಲೇ ಮಾತಾಡಿದ.

"ಇಡ್ತೀನಪ್ಪಾ ಇಡ್ತೀನಿ. ... ಇಲ್ಲ ಇಲ್ಲ, ಟಿಲಿ ಒಪ್ಪಿದಾಳೆ, ಬ್ಯಾಂಕಿನಲ್ಲೂ ಮಾತಾಯ್ತು. ... ನೋಡು ಸ್ಟಾನ್, ನಾನಿದ್ರೆ ನಿಂಗೊಬ್ಬ ಜೊತೆಗಾರ ಇರ್ತಾನೆ. ಧೈರ್ಯವಾಗಿ ಬೇಕರಿ ಅಡ ಇಟ್ಟುಬಿಡು. ನಾವಿಬ್ರೂ ಇದ್ರೆ ಅವರೇನು ಮಾಡ್ತಾರೆ?"

ಅವನು ಫೋನು ಇಟ್ಟಾಗ ಒಟಿಲಿ ಚಾಕು ಹಿಡಿದೇ ಹಜಾರಕ್ಕೆ ಬಂದಿದ್ದಳು.

"ನಾನು ಯಾವಾಗ ಒಪ್ದೆ?"

"ಒಪ್ತೀಯಲ್ಲ."

"ಇನ್ನೊಬ್ಬರ ಮನೆ ಮುಳುಗಿಸೋಕೆ ನನ್ನ ಹೆಸರು ಹೇಳ್ತೀಯಾ?"

"ಯಾರ ಮನೇನೂ ಮುಳುಗಲ್ಲ! ಯಾವಾಗ್ ನೋಡಿದ್ರೂ ಅಪಶಕುನ. ನಿಮ್ಮಪ್ಪನೂ ಹಿಂಗೇ. ಸತ್ತರೂ ನನ್ನ ನಂಬಲಿಲ್ಲ ಆ ಮನುಷ್ಯ."

ಆಮೇಲಿನ ದಿನಗಳಲ್ಲಿ ಆ ಮನೆಯಲ್ಲಿ ಮಾತಿಗಿಂತ ಪಾತ್ರೆಯ ಸದ್ದೇ ಹೆಚ್ಚು. ಮಾಂಸ ಪೂರೈಸುವವನು ಉದ್ದರಿ ಕೊಡುವುದಿಲ್ಲವೆಂದ. ವಾರದಲ್ಲಿ ಮೂರು ದಿನ ಮನೆಯಲ್ಲಿ ಬರೀ ಬಟಾಣಿ ಸೂಪು. ಎಮಿಲ್ ಹೆಂಡದಂಗಡಿಗಳಿಗೆ ಹೋಗಿ ತಂಡದ ಹತ್ತು ಹತ್ತು ಡಾಲರಿನ ಷೇರು ಮಾರಲು ನೋಡಿದ. ಬೆನ್ನು ತಟ್ಟುವ ಊರು ಜೇಬು ತಡಕಲಿಲ್ಲ. ಒಬ್ಬೊಬ್ಬರು ಬಿಯರು ಕೊಡಿಸಿ ಕಳಿಸಿದರು.

"ದುಡ್ಡು ಕೇಳೋಕೆ ಹೋಗಿ ಕುಡಿದು ಬಂದ," ಎಂದಳು ಓಮಾ. "ಇವನಪ್ಪ ಕುಡಿದು ಬಂದ್ರೆ ಕಾಸಾದ್ರೂ ತರ್ತಿದ್ದ."

ಲೊರೆನ್ಸ್ ಸಿಟ್ಟನ್ನು ತಾಯಿಯ ಮೇಲೆ ತೀರಿಸಿಕೊಂಡ. "ಅಮ್ಮಾ, ಯುದ್ಧದಿಂದ ಬಂದಾಗಿಂದ ಒಂದು ಶೀತಲ ಕೋಣೆ ಹಾಕಿಸೋಣ ಅಂತ ಬಡ್ಕೋತಿದೀನಿ. ಬೇಸಿಗೇಲಿ ಅರ್ಧ ಮಾಲು ಕೊಳೆಯುತ್ತೆ. ಅದಕ್ಕೆ ದುಡ್ಡಿಲ್ಲ, ಚೆಂಡು ಎಸೆಯೋಕೆ ಮನೆ ಇಡ್ಬೇಕು. ನೀನು ಸಹಿ ಹಾಕಿದ ದಿನ ನಾನು ಮಿಲ್ವಾಕಿಗೆ ಹೊರಟೆ ಅಂತ ತಿಳ್ಕೋ. ಅಲ್ಲಿ ಬಿಯರ್ ಕಾರ್ಖಾನೇಲಿ ಕೆಲಸ ಇದೆ."

"ಹಾಕ್ತೀನಿ ಅಂತ ನಾನೆಲ್ಲಿ ಅಂದೆ?"

"ಹಾಕಲ್ಲ ಅಂತಲೂ ಅಂದಿಲ್ಲ."

ಅದು ನಿಜ. ಅವಳ ಮನಸ್ಸು ದಿನಕ್ಕೊಂದು ಕಡೆ ವಾಲುತ್ತಿತ್ತು. ಒಂದು ಸಂಜೆ ಊಟದ ಡಬ್ಬಿ ಕೊಡಲು ಆರ್ಮರಿ ಹಾಲಿಗೆ ಹೋದವಳು ಎಮಿಲನನ್ನು ಕಂಡಳು. ಕೂಲಿಯವನನ್ನು ಬಿಡಿಸಿದ್ದರಿಂದ ತಾನೇ ಮಂಡಿಯೂರಿ ನೆಲಕ್ಕೆ ಮೇಣ ಉಜ್ಜುತ್ತಿದ್ದ. ಬೆವರಿನಲ್ಲಿ ಅಂಗಿ ಬೆನ್ನಿಗೆ ಅಂಟಿತ್ತು. ಅವಳು ಬಂದದ್ದು ನೋಡಿ, "ಹೊಳಿತಿದೆಯಲ್ವಾ?" ಎಂದ. ಅವನ ಮೇಲೆ ಅವಳಿಗೆ ಎಷ್ಟೇ ಕೋಪವಿದ್ದರೂ ಆ ಕ್ಷಣ ಕರುಳು ಚುರ್ ಎಂದಿತು. ಈ ಆಟದ ಹಾಲ್ ಒಂದನ್ನು ಬಿಟ್ಟರೆ ಅವನಿಗೆ ಜಗತ್ತಿನಲ್ಲಿ ಏನೂ ಇಲ್ಲವಲ್ಲ ಅನ್ನಿಸಿತು. ಗುರುವಾರ ಬ್ಯಾಂಕಿಗೆ ಬರುತ್ತೇನೆ ಎಂದು ಅಲ್ಲೇ ಹೇಳಿಬಿಟ್ಟಳು. ಎಮಿಲ್ ಮೇಣದ ಕೈಯಲ್ಲೇ ಅವಳ ಕೆನ್ನೆ ಸವರಿದ.

ಸೋಮವಾರ ಆಟಗಾರರ ಬಟ್ಟೆ ಒಗೆಯುವ ದಿನ. ತಂಡದ ಬಟ್ಟೆಯೆಲ್ಲ ಅವಳೇ ಒಗೆಯುತ್ತಿದ್ದಳು. ಲಾಂಡ್ರಿಗೆ ಕೊಟ್ಟರೆ ಖರ್ಚು. ಮೊದಲು ತೊಟ್ಟಿಯಲ್ಲಿ ಕೈಯಿಂದ ಉಜ್ಜಬೇಕಿತ್ತು. ಎರಡು ವರ್ಷದ ಹಿಂದೆ ಎಮಿಲ್ ಒಗೆಯುವ ಮಿಷನ್ನು ತಂದುಕೊಟ್ಟಿದ್ದ, ಹಿಂಡುವ ಉರುಳೆಯ ಸಮೇತ. ಅವನು ಅವಳಿಗಾಗಿ ತಂದ ದೊಡ್ಡ ವಸ್ತು ಅದೊಂದೇ. ನೆಲಮಾಳಿಗೆಯಲ್ಲಿ ಅದು ಗುರುಗುಟ್ಟುವಾಗ ಒಟಿಲಿಗೆ ಗಂಡನ ಮೇಲೆ ಒಂದಿಷ್ಟು ಪ್ರೀತಿ ಹುಟ್ಟುತ್ತಿತ್ತು.

ಒಣಹಾಕಲು ಡೆಲ್ಬರ್ಟ್ ಸೈಕ್ಸ್ ಬಂದ. ಕೆಂಟಕಿಯ ಆಳು, ತಂಡದ ಎಲ್ಲರಿಗಿಂತ ಎತ್ತರದವನು, ಇವರ ಮನೆಯ ಮಹಡಿಯಲ್ಲೇ ಬಿಡಾರ. ಹಗ್ಗವನ್ನು ಜಂತೆಗೆ ಕಟ್ಟಲು ಅವನಿಗೆ ಏಣಿ ಬೇಕಿರಲಿಲ್ಲ.

"ಮಿಸೆಸ್ ಕ್ರೋನರ್, ಠೇವಣಿ ಇಡ್ತೀರಂತೆ?" ಎಂದ, ಕ್ಲಿಪ್ಪು ಹಾಕುತ್ತ.

"ಗುರುವಾರ."

ಅವನು ಎರಡು ಅಂಗಿ ಒಣಹಾಕಿ ಆಮೇಲೆ ಹೇಳಿದ, "ಹ್ಯಾನಿಗನ್ ಕೂಡ ಇಟ್ಟಿದ್ರು. ನಾನು ಆಗ ಅವರ ಟೀಮಲ್ಲೇ ಇದ್ದಿದ್ದು. ಐದು ಸಾವಿರ. ಹೊಲ ಅಡ ಇಟ್ಟು ತಂದಿದ್ರು."

"ತೆಗೆದುಹಾಕಿದ ಮೇಲೆ ವಾಪಸ್ ಕೊಟ್ಟಿರ್ತಾರೆ."

"ಎಲ್ಲಿ ವಾಪಸ್ಸು? ಸೀಸನ್ ಪೂರಾ ಆಡದ ಟೀಮಿನ ಠೇವಣಿ ಮುಟ್ಟುಗೋಲು. ಹೊರಗೆ ಹಾಕಿದ್ದೂ ಅವರೇ, ಆಡಲಿಲ್ಲ ಅಂತ ದುಡ್ಡು ಹಿಡ್ಕೊಂಡವರೂ ಅವರೇ. ಆಮೇಲೆ ಓನರ್‌ಗಳೆಲ್ಲ ಹಂಚ್ಕೊಂಡ್ರು. ತಲಾ ಮುನ್ನೂರು ಚಿಲ್ಲರೆ ಬಂತು. ನಿಮಗೆ ಗೊತ್ತಿರುತ್ತಲ್ಲ, ಮಿಸ್ಟರ್ ಕ್ರೋನರ್ ಈ ಮಿಷನ್ ತಗೊಂಡಿದ್ದು ಅದ್ರಲ್ಲೇ. ನಾನು ಈ ಊರಿಗೆ ಬಂದ ವಾರ. ನಾನೇ ಮೆಟ್ಟಿಲಿಳಿಸಿದ್ದು."

ಒಟಿಲಿಯ ಕೈ ಮಿಷನ್ನಿನ ಮುಚ್ಚಳದ ಮೇಲಿತ್ತು, ತೆಗೆದಳು. ಹ್ಯಾನಿಗನ್ನನ ಹೆಂಡತಿಯನ್ನು ಅವಳು ಕಂಡಿರಲಿಲ್ಲ. ಆ ಹೆಂಗಸು ಹೊಲ ಕಳೆದುಕೊಂಡ ಚಳಿಗಾಲದಲ್ಲಿ ತಾನು ಈ ನೆಲಮಾಳಿಗೆಯಲ್ಲಿ ಹಾಡು ಗುನುಗುತ್ತ ಬಟ್ಟೆ ಹಿಂಡಿದ್ದು ನೆನಪಾಯಿತು.

ಸಂಜೆ ಸೂಪು ಬಡಿಸಿ ಅವಳು ಕೂರಲೇ ಇಲ್ಲ.

"ಮಿಷನ್ನು ಯಾರ ದುಡ್ಡು ಎಮಿಲ್?"

ಅವನು ಚಮಚ ಇಟ್ಟ. ಅವಳ ಮುಖ ನೋಡಿದ. "ಎಲ್ಲರೂ ತಗೊಂಡ್ರು. ನಾನೊಬ್ಬನೇ ಬೇಡ ಅಂದಿದ್ರೆ ಇನ್ಯಾರೋ ತಿಂತಿದ್ರು."

"ಹ್ಯಾನಿಗನ್ ಹೊಲ ನಮ್ಮ ನೆಲಮಾಳಿಗೇಲಿದೆ. ನಾಳೆ ನನ್ನಪ್ಪನ ಮನೆ ಯಾರ ನೆಲಮಾಳಿಗೆಗೆ ಹೋಗುತ್ತೆ? ನ್ಯೂಯಾರ್ಕಿನ ಯಾವ ಮಹಾರಾಯಿತಿಗೆ ಅದರಲ್ಲಿ ತುಪ್ಪಳದ ಕೋಟು ಬರುತ್ತೆ?"

"ನಮ್ಮನ್ನ ತೆಗೆಯಲ್ಲ ಅವರು!"

"ಹ್ಯಾನಿಗನ್ನೂ ಇದೇ ಕುರ್ಚಿ ಮೇಲೆ ಕೂತು ಹಾಗೇ ಅಂದ್ಕೊಂಡಿದ್ದ. ಪಕ್ಕದಲ್ಲಿ ನೀನೇ ಕೂತಿದ್ದೆ. ನಾನು ಸಹಿ ಹಾಕಲ್ಲ."

"ಗುರುವಾರ ಬರ್ತೀನಿ ಅಂದೆ!"

"ಬರಲ್ಲ."

"ನನ್ನ ಕೊಂದುಬಿಡು ಹಾಗಾದ್ರೆ," ಎಂದ ಎಮಿಲ್. ದನಿ ಏರಿಸಲಿಲ್ಲ, ಮೇಜು ಗುದ್ದಲಿಲ್ಲ. ಲೊರೆನ್ಸ್ ಕೂಡ ತಲೆ ತಗ್ಗಿಸಿದ.

ಒಟಿಲಿ ತಡೆದು ತಡೆದು ಹೇಳಿದಳು, "ಸ್ಟಾನ್‌ಗೆ ಫೋನ್ ಮಾಡು. ನೀನು ಇಡ್ತೀಯ ಅಂತ ಅವನೂ ಇಡೋಕೆ ಹೊರಟಿದಾನೆ. ನಾವು ಇಡ್ತಿಲ್ಲ, ನೀನೂ ಇಡಬೇಡ ಅಂತ ಹೇಳು."

"ಮಾಡ್ತೀನಿ."

ಎರಡು ದಿನ ಬಿಟ್ಟು ಊಟದ ಹೊತ್ತಿಗೆ ಕೇಳಿದಳು, "ಫೋನ್ ಮಾಡಿದ್ಯಾ?"

"ಮಾಡ್ದೆ," ಎಂದ ಎಮಿಲ್, ತಟ್ಟೆ ನೋಡಿಕೊಂಡು.

ಹಜಾರದ ಫೋನಿನ ಮಾತು ಅಡಿಗೆಮನೆಗೆ ಕೇಳದೆ ಇರುವುದಿಲ್ಲ, ಅವಳು ಮನೆ ಬಿಟ್ಟು ಹೋಗಿದ್ದೂ ಕಡಿಮೆ. ಸುಳ್ಳಿರಬಹುದೆಂದು ಅವಳಿಗೆ ಅನ್ನಿಸಿತು. ಊರೆಲ್ಲ ತಿರುಗಿ ಎದೆ ತಟ್ಟಿಕೊಂಡವನು ಹೆಂಡತಿ ಬಿಡಲಿಲ್ಲ ಅಂತ ಇನ್ನೊಬ್ಬ ಯಜಮಾನನ ಮುಂದೆ ಹೇಗೆ ಹೇಳಿಯಾನು? ತಾನೇ ಸ್ಟಾನನ ಹೆಂಡತಿಗೆ ಒಂದು ಫೋನು ಹಚ್ಚಬಹುದಿತ್ತು. ಎರಡು ಸಲ ಹಜಾರದವರೆಗೆ ಹೋದಳು. ಇಷ್ಟನ್ನಾದರೂ ಅವನೇ ಮಾಡಲಿ, ಎಲ್ಲವನ್ನೂ ನಾನೇ ಒರೆಸಬೇಕೇ ಎಂಬ ಹಟದಲ್ಲಿ ಹಿಂತಿರುಗಿದಳು.

ಈಸ್ಟರ್ ಕಳೆಯಿತು. ಲೀಗಿನಿಂದ ಎರಡು ಸಾಲಿನ ತಂತಿ ಬಂತು. ಹಾರ್ಬರ್ ಗಲ್ಸ್ ಮುಗಿಯಿತು. ಡೆಲ್ಬರ್ಟ್ ಪೆಟ್ಟಿಗೆ ಕಟ್ಟಿಕೊಂಡು ಹೊರಟಾಗ ಓಮಾ ಅವನಿಗೆ ಬಗ್ಗಲು ಹೇಳಿ ಹಣೆಗೆ ಮುತ್ತು ಕೊಟ್ಟಳು. ಅಂಗಡಿಗೆ ಬರುವವರು ಈಗ ಎಮಿಲನ ಹೆಂಡತಿಯ ಕಡೆ ಓರೆಗಣ್ಣಿನಲ್ಲಿ ನೋಡುತ್ತಿದ್ದರು. "ಊರಿನ ಮಾನ ಕಳೆದಳು," ಎಂದು ಚರ್ಚಿನ ಮೆಟ್ಟಿಲ ಮೇಲೆ ಒಬ್ಬಳು ಕೇಳುವಂತೆಯೇ ಅಂದಳು. ಹತ್ತು ಡಾಲರಿನ ಷೇರು ಕೊಳ್ಳದ ಮನೆಯವಳು ಅವಳು.

ಎಮಿಲ್ ಅಂಗಡಿಗೆ ಹೋಗುವುದನ್ನು ಬಿಟ್ಟ. ಬೆಳಿಗ್ಗೆ ಎದ್ದು ಕೋಟು ಹಾಕಿಕೊಂಡು ಅಡಿಗೆಮನೆಯ ಕಿಟಕಿಯ ಹತ್ತಿರ ಕೂರುತ್ತಿದ್ದ, ಊಟಕ್ಕೆ ಕರೆದರೆ ಮೇಜಿಗೆ ಬರುತ್ತಿದ್ದ. ಅರ್ಧ ತಿನ್ನುತ್ತಿದ್ದ. ಯಾರನ್ನೂ ಬೈಯುತ್ತಿರಲಿಲ್ಲ. ಅವನು ಕೂಗಾಡಲಿ ಎಂದು ಒಟಿಲಿ ಬೇಕಂತಲೇ ಒಂದು ದಿನ ಸೂಪಿಗೆ ಉಪ್ಪು ಹಾಕಲಿಲ್ಲ. ಅದನ್ನೂ ಸುಮ್ಮನೆ ಕುಡಿದ. ಮನೆಯನ್ನು ಉಳಿಸಿಕೊಂಡೆ, ಇದಕ್ಕಾ ಉಳಿಸಿಕೊಂಡಿದ್ದು ಎಂದು ಅವಳು ಬಟ್ಟಲು ತೊಳೆಯುತ್ತ ಅತ್ತಳು.

ಲೊರೆನ್ಸ್ ಮಿಲ್ವಾಕಿಗೆ ಹೋಗಲಿಲ್ಲ. ಹೋಗಲು ಆಗಲಿಲ್ಲ ಅನ್ನುವುದೇ ಸರಿ. ಅಂಗಡಿ ನೋಡುವವರಿರಲಿಲ್ಲ. ಶೆಕೆ ಶುರುವಾದ ಮೇಲೆ ಅವನು ಹೆದರಿದಂತೆಯೇ ಮಾಲು ಕೆಟ್ಟಿತು. ಒಂದು ಬುಟ್ಟಿ ಸಾಸೇಜನ್ನು ಹಿತ್ತಿಲಲ್ಲಿ ಹೂತ.

ಜೂನಿನಲ್ಲಿ ಲೀಗಿನಿಂದ ಒಂದು ಲಕೋಟೆ ಬಂತು. ಲೊರೆನ್ಸ್ ಊಟದ ಮೇಜಿನಲ್ಲೇ ಒಡೆದ. ಒಳಗೆ ಸಾವಿರ ಡಾಲರಿನ ಚೆಕ್ಕು.

"ಇದೇನು, ನಮಗೆ ಯಾಕೆ ದುಡ್ಡು?" ಎಂದು ಜೊತೆಗಿದ್ದ ಚೀಟಿ ಓದಿದ. ಓದುತ್ತ ಓದುತ್ತ ದನಿ ಇಳಿಯಿತು. "ಎಲ್ಕ್ ಪ್ರೇರಿ ಟೀಮಿನ ಆಟದ ಹಾಲ್ ಚಿಕ್ಕದು ಅಂತ ಮೇ ತಿಂಗಳ ಸಭೇಲಿ ಮುಕ್ಕಾಲು ಓಟಿನಿಂದ ತೆಗೆದುಹಾಕಿದಾರೆ. ಠೇವಣಿ ಮುಟ್ಟುಗೋಲು. ಲೆಕ್ಕದ ವರ್ಷ ಈ ತಿಂಗಳ ಕೊನೆಗೆ ಮುಗಿಯೋದಂತೆ, ಅಲ್ಲಿವರೆಗೆ ನಾವೂ ಲೀಗಿನವರೇ, ನಮಗೂ ಪಾಲು."

ಸ್ಟಾನ್ ಬೇಕರಿ ಅಡ ಇಟ್ಟಿದ್ದ. ಎಮಿಲನ ಮಾತು ನಂಬಿಕೊಂಡು, ಜೊತೆಗಾರನಿದ್ದಾನೆಂದು ಇಟ್ಟಿದ್ದ.

"ನಾನು ಫೋನ್ ಮಾಡ್ಲಿಲ್ಲ," ಎಂದ ಎಮಿಲ್. ಎಷ್ಟೋ ದಿನದ ಮೇಲೆ ಅವನು ತಾನಾಗಿ ಆಡಿದ ಮಾತು ಅದು. "ನಾಳೆ ಮಾಡಿದ್ರಾಯ್ತು, ನಾಳೆ ಮಾಡಿದ್ರಾಯ್ತು ಅಂತ..."

"ಗೊತ್ತು," ಅಂದಳು ಒಟಿಲಿ.

"ಅದನ್ನ ಆ ಬೇಕರಿಯವನಿಗೆ ಕಳ್ಸು," ಎಂದಳು ಓಮಾ. "ಈ ಮನೇಲಿ ಒಂದು ರಾತ್ರಿನೂ ಇರಬಾರ್ದು ಅದು."

"ಕಳ್ಸೋಣ," ಎಂದ ಲೊರೆನ್ಸ್.

"ಹೌದು, ಕಳ್ಸೋಣ," ಎಂದ ಎಮಿಲ್. "ಚೆಕ್ಕಿನ ಹಿಂಬದಿಗೆ ಸಹಿ ಹಾಕಿ ಅವನಿಗೇ ಕಳ್ಸೋಣ." ಅವನು ಕೈ ಚಾಚಿದ. ಒಟಿಲಿ ಪೆನ್ನು ತಂದುಕೊಟ್ಟಳು. ಸಹಿ ಹಾಕುವಾಗ ಅವನ ಮುಖದಲ್ಲಿ ಎರಡು ತಿಂಗಳಿಂದ ಕಾಣದಿದ್ದ ಒಂದು ಕಳೆ ಬಂದಿತ್ತು.

ಮಾರನೇ ದಿನ ಅವಳು ಹ್ಯಾಟು ಹಾಕಿಕೊಂಡು ಚೆಕ್ಕನ್ನು ಕೈಚೀಲದಲ್ಲಿಟ್ಟುಕೊಂಡು ಅಂಚೆ ಕಚೇರಿಗೆ ಹೊರಟಳು. ದಾರಿಯಲ್ಲಿ ಅಂಗಡಿ. ಬಾಗಿಲಲ್ಲಿ ಮಾಂಸ ಪೂರೈಸುವವನ ಆಳು ಲೊರೆನ್ಸ್ ಜೊತೆ ಜಗಳಕ್ಕೆ ನಿಂತಿದ್ದ. ಹಳೆಯ ಬಾಕಿ ತೀರದಿದ್ದರೆ ಇವತ್ತೇ ಕೊನೆ, ಇನ್ನು ಒಂದು ತುಂಡು ಮಾಂಸವೂ ಇಲ್ಲ ಎನ್ನುತ್ತಿದ್ದ. ಲೊರೆನ್ಸ್ ಆ ಮನುಷ್ಯನ ತೋಳು ಹಿಡಿದು ಗೋಗರೆಯುತ್ತಿದ್ದ. ಯುದ್ಧದಿಂದ ಪದಕ ತಂದ ಹುಡುಗ. ತಾಯಿ ನೋಡಿದ್ದು ಅವನಿಗೆ ಕಾಣಲಿಲ್ಲ.

ಒಟಿಲಿ ಅಂಚೆ ಕಚೇರಿಯ ಮೆಟ್ಟಿಲವರೆಗೂ ಹೋದಳು. ಅಲ್ಲಿ ನಿಂತು ಸ್ಟಾನನ ಹೆಂಡತಿಯ ಗಸಗಸೆ ಕೇಕನ್ನು ನೆನೆದಳು. ಬೇಕರಿಯೇ ಹೋದಮೇಲೆ ಸಾವಿರದಿಂದ ಅವರಿಗೇನಾದೀತು ಎಂದುಕೊಂಡಳು. ಹಾಗೆ ಅಂದುಕೊಂಡಿದ್ದಕ್ಕೆ ಅವಳಿಗೇ ಅಸಹ್ಯವಾಯಿತು. ಅಸಹ್ಯಪಡುತ್ತಲೇ ರಸ್ತೆ ದಾಟಿ ಬ್ಯಾಂಕಿಗೆ ಹೋದಳು.

"ಅಂತೂ ಲೀಗಿನಿಂದ ನಿಮಗೆ ಏನೋ ಒಂದು ಬಂತಲ್ಲ ಮಿಸೆಸ್ ಕ್ರೋನರ್," ಎಂದ ಗುಮಾಸ್ತ, ನೋಟು ಎಣಿಸುತ್ತ.

"ಬಂತು," ಅಂದಳು.

ಭಾನುವಾರ ಮೇಜಿನ ಮೇಲೆ ಬಹಳ ದಿನದ ಮೇಲೆ ಮಾಂಸವಿತ್ತು. ಎರಡೆರಡು ಸಾಸೇಜು, ಕಡುಬು, ಕೆಂಪು ಕೋಸು. ಲೊರೆನ್ಸ್ ಯಾರ ಮುಖವನ್ನೂ ನೋಡದೆ ಬ್ರೆಡ್ಡು ಮುರಿದ. ಓಮಾ ತಟ್ಟೆಯನ್ನು ಒಂದು ಸಲ, ಸೊಸೆಯನ್ನು ಒಂದು ಸಲ ನೋಡಿ ತಟ್ಟೆಯನ್ನು ದೂರ ತಳ್ಳಿದಳು.

ಎಮಿಲ್ ಕೇಳಿದ, "ಟಿಲಿ, ಸ್ಟಾನ್‌ಗೆ ಕಳ್ಸಿದ್ಯಾ?"

"ಕಳ್ಸ್ದೆ," ಅಂದಳು ಒಟಿಲಿ, ತಟ್ಟೆ ನೋಡಿಕೊಂಡು.

ಅವನು ಅವಳನ್ನೇ ನೋಡಿದ. ಆಮೇಲೆ ಹಬೆಯಾಡುವ ಮಾಂಸವನ್ನು ನೋಡಿದ. ಹಜಾರದಲ್ಲಿ ಫೋನು ಸುಮ್ಮನಿತ್ತು. ಎಮಿಲ್ ಫೋರ್ಕು ಎತ್ತಿಕೊಂಡು ತಿನ್ನತೊಡಗಿದ. ತಟ್ಟೆಯಲ್ಲಿದ್ದುದನ್ನೆಲ್ಲ ತಿಂದು, ಇನ್ನೊಂದು ಹಾಕು ಎಂದ.